ಯುರೋಪಿನಲ್ಲಿ ರಿವರ್ ಕ್ರೂಸ್: ಮೊದಲು ನದಿ ನೋಡಿ, ಹಡಗು ಆಮೇಲೆ

ಯುರೋಪಿಗೆ ಹೋಗಿ ರಿವರ್ ಕ್ರೂಸ್ ಮಾಡೋಣ ಅಂತ ಯೋಚಿಸುವವರು ಮೊದಲು ಕೇಳುವುದು ‘ಯಾವ ಕಂಪನಿ ಒಳ್ಳೆಯದು?’ ಅಂತ. ಟ್ರಾವೆಲ್ ಏಜೆಂಟರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಹಡಗಿನ ಫೋಟೊ, ಕ್ಯಾಬಿನ್ನಿನ ಫೋಟೊ, ಊಟದ ಮೇಜಿನ ಫೋಟೊ ತೋರಿಸುತ್ತಾರೆ. ಕಂಪನಿಯ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ. ಹಡಗಿನಿಂದ ಹಡಗಿಗೆ ಇರುವ ವ್ಯತ್ಯಾಸ ಚಿಕ್ಕದು. ನದಿಯಿಂದ ನದಿಗೆ ಇರುವ ವ್ಯತ್ಯಾಸ ಬಹಳ ದೊಡ್ಡದು. ಒಂದೇ ನದಿಯಲ್ಲೂ ಮೇ ತಿಂಗಳ ಪ್ರವಾಸ ಬೇರೆ, ಅಕ್ಟೋಬರಿನದ್ದು ಬೇರೆ. ಇದು ಸಣ್ಣ ಖರ್ಚಿನ ಪ್ರವಾಸವೂ ಅಲ್ಲ. ಎಷ್ಟೋ ಮನೆಗಳಲ್ಲಿ ನಿವೃತ್ತಿಯ ನಂತರ ಒಂದೇ ಒಂದು ಸಲ ಮಾಡುವಂಥದ್ದು. ಹಾಗಾಗಿ ನದಿಯ ಲೆಕ್ಕ ತಿಳಿದುಕೊಂಡು ಆರಿಸಿಕೊಳ್ಳುವುದು ವಾಸಿ.

ಹಡಗುಗಳೆಲ್ಲ ಯಾಕೆ ಒಂದೇ ತರ?

ರೈನ್, ಮೈನ್, ಡ್ಯಾನ್ಯೂಬ್ ನದಿಗಳಲ್ಲಿ ಓಡಾಡುವ ಹೊಸ ಹಡಗುಗಳ ಅಳತೆ ನೋಡಿ. ಕಂಪನಿ ಯಾವುದೇ ಇರಲಿ, ಉದ್ದ ಸಾಮಾನ್ಯವಾಗಿ 110 ಅಥವಾ 135 ಮೀಟರ್, ಅಗಲ 11.4 ಮೀಟರ್. ಮೂರು ಅಂತಸ್ತು, ಮೇಲೆ ತೆರೆದ ಸನ್ ಡೆಕ್. ಪ್ರಯಾಣಿಕರು 150ರಿಂದ 190 ಜನ. ಈ ಅಳತೆಯನ್ನು ಕಂಪನಿಗಳು ತಮ್ಮಿಷ್ಟದಂತೆ ಆರಿಸಿಕೊಂಡದ್ದಲ್ಲ, ದಾರಿಯಲ್ಲಿ ಸಿಗುವ ಲಾಕ್‌ಗಳು ಗೊತ್ತುಮಾಡಿದ್ದು.

ನದಿಗೆ ಅಡ್ಡಲಾಗಿ ಅಣೆಕಟ್ಟು ಇದ್ದ ಕಡೆ ಮೇಲಿನ ನೀರಿಗೂ ಕೆಳಗಿನ ನೀರಿಗೂ ಮಟ್ಟದ ವ್ಯತ್ಯಾಸ ಇರುತ್ತದೆ. ಹಡಗು ಅದನ್ನು ದಾಟಲು ಪಕ್ಕದಲ್ಲಿ ಒಂದು ಉದ್ದನೆಯ ಕಾಂಕ್ರೀಟ್ ತೊಟ್ಟಿ ಕಟ್ಟಿರುತ್ತಾರೆ. ಅದೇ ಲಾಕ್. ಹಡಗು ಒಳಗೆ ಬಂದ ಮೇಲೆ ಹಿಂದಿನ ಗೇಟು ಮುಚ್ಚುತ್ತಾರೆ. ಮೇಲಿನ ನೀರನ್ನು ಒಳಗೆ ಬಿಡುತ್ತಾರೆ. ನೀರಿನ ಜೊತೆ ಹಡಗೂ ಮೇಲೇರುತ್ತದೆ. ಮಟ್ಟ ಸಮ ಆದಾಗ ಮುಂದಿನ ಗೇಟು ತೆರೆಯುತ್ತದೆ. ಕೆಳಗಿಳಿಯುವಾಗ ಇದೇ ಕೆಲಸ ಉಲ್ಟಾ.

ಮೈನ್ ನದಿಯ ಮತ್ತು ಮೈನ್–ಡ್ಯಾನ್ಯೂಬ್ ಕಾಲುವೆಯ ಲಾಕ್‌ಗಳ ಅಗಲ 12 ಮೀಟರ್. ಹಡಗು 11.4 ಮೀಟರ್. ಅಂದರೆ ಒಂದೊಂದು ಬದಿಗೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಜಾಗ. ನೀವು ಕ್ಯಾಬಿನ್ನಿನಲ್ಲಿ ಕೂತಿರುವಾಗ ಇದ್ದಕ್ಕಿದ್ದಂತೆ ಕೋಣೆ ಕತ್ತಲಾಗುತ್ತದೆ. ಕಿಟಕಿಯ ಆಚೆ ಹಸಿರು ಪಾಚಿ ಹಿಡಿದ ಒದ್ದೆ ಗೋಡೆ, ಮೂಗಿಗೆ ಹಸಿ ಸಿಮೆಂಟಿನ ವಾಸನೆ. ಕೈ ಹೊರಗೆ ಚಾಚಬೇಡಿ ಅಂತ ಸಿಬ್ಬಂದಿ ಮೊದಲೇ ಹೇಳಿರುತ್ತಾರೆ. ಹತ್ತು ಹದಿನೈದು ನಿಮಿಷದಲ್ಲಿ ಆ ಗೋಡೆ ಮೆಲ್ಲಗೆ ಕೆಳಗೆ ಜಾರುತ್ತಾ ಹೋಗಿ, ಮತ್ತೆ ಬೆಳಕು, ಮರ, ಸೈಕಲ್ ತುಳಿಯುವ ಜನ. ಮೊದಲ ಲಾಕ್ ಬಂದಾಗ ಎಲ್ಲರೂ ಡೆಕ್ ಮೇಲೆ ಇರುತ್ತಾರೆ. ನೋಡಲೇಬೇಕಾದ ಕೆಲಸ ಅದು.

ಅಗಲ ಹೀಗೆ ಗೊತ್ತಾಗಿಬಿಟ್ಟರೆ ಉಳಿದದ್ದಕ್ಕೂ ಮಿತಿ ಬರುತ್ತದೆ. ಕ್ಯಾಬಿನ್ ಚಿಕ್ಕದು. ಸಮುದ್ರದ ಕ್ರೂಸಿನಂತೆ ದೊಡ್ಡ ಥಿಯೇಟರ್, ಕ್ಯಾಸಿನೊ, ಹತ್ತು ಬಗೆಯ ರೆಸ್ಟೊರೆಂಟು ಇರುವುದಿಲ್ಲ. ಎಲ್ಲರಿಗೂ ಒಂದೇ ಊಟದ ಹಾಲ್, ಸಂಜೆ ಲೌಂಜಿನಲ್ಲಿ ಪಿಯಾನೊ ಅಥವಾ ಊರಿನ ಕಲಾವಿದರ ಹಾಡು. ರಾತ್ರಿ ಹತ್ತೂವರೆಗೆ ಹಡಗು ಸ್ತಬ್ಧ. ನದಿಯಲ್ಲಿ ಅಲೆ ಇಲ್ಲದ್ದರಿಂದ ವಾಂತಿ, ತಲೆಸುತ್ತು ಅನ್ನುವ ಭಯ ಬೇಡ. ಹಡಗಿನ ಈ ಅಳತೆಗೆ ಅಪವಾದಗಳೂ ಇವೆ. 2019ರಲ್ಲಿ ನೀರಿಗಿಳಿದ ‘ಅಮಾಮ್ಯಾಗ್ನಾ’ ಹಡಗಿನ ಅಗಲ 22 ಮೀಟರ್. ಡ್ಯಾನ್ಯೂಬಿನ ಲಾಕ್‌ಗಳು ಅಗಲವಾಗಿರುವುದರಿಂದ ಅದು ಅಲ್ಲಿ ಓಡಾಡಬಲ್ಲದು. ಮೈನ್ ಕಾಲುವೆಗೆ ಅದು ಬರಲಾರದು.

ರೈನ್: 65 ಕಿಲೋಮೀಟರಿನ ಹೃದಯ

ಅತಿ ಹೆಚ್ಚು ಮಾರಾಟವಾಗುವ ದಾರಿಗಳಲ್ಲಿ ಒಂದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಆಮ್‌ಸ್ಟರ್‌ಡ್ಯಾಮ್‌ವರೆಗೆ, ಏಳು ರಾತ್ರಿ. ಸ್ಟ್ರಾಸ್‌ಬರ್ಗ್, ಹೈಡಲ್‌ಬರ್ಗ್, ಕಲೋನ್, ಹಾಲೆಂಡಿನ ಕಿಂಡರ್‌ಡೈಕ್ ಗಾಳಿಯಂತ್ರಗಳು. ಹೆಸರು ಕೇಳಿದರೇ ಆಸೆಯಾಗುತ್ತದೆ ಅಲ್ವಾ? ಆದರೆ ನದಿಯೇ ಚೆನ್ನಾಗಿ ಕಾಣುವ ಭಾಗ ಇದರಲ್ಲಿ ಒಂದೇ. ಬಿಂಗೆನ್‌ನಿಂದ ಕೊಬ್ಲೆಂಜ್‌ವರೆಗಿನ 65 ಕಿಲೋಮೀಟರ್ ಕಣಿವೆ. 2002ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ ಇದು. ಎರಡೂ ಕಡೆ ಕಡಿದಾದ ಗುಡ್ಡ, ಗುಡ್ಡದ ತುಂಬ ದ್ರಾಕ್ಷಿ ತೋಟ, ತಿರುವಿಗೊಂದು ಕೋಟೆ. ಕೌಬ್ ಎಂಬ ಊರಿನ ಎದುರು ನದಿಯ ನಡುವೆಯೇ ಹಡಗಿನ ಆಕಾರದ ಒಂದು ಸುಂಕದ ಕೋಟೆ ನಿಂತಿದೆ. ಅದನ್ನು ದಾಟಿ ಸ್ವಲ್ಪ ದೂರಕ್ಕೆ 132 ಮೀಟರ್ ಎತ್ತರದ ಲೊರೆಲೈ ಬಂಡೆ. ನದಿ ಅಲ್ಲಿ ಇಕ್ಕಟ್ಟಾಗಿ ಸೆಳೆತ ಜಾಸ್ತಿಯಾಗುತ್ತದೆ.

ದಡದಲ್ಲಿ ಬಿಳಿ ಹಲಗೆಗಳ ಮೇಲೆ ದೊಡ್ಡ ಅಂಕಿಗಳು ಕಾಣುತ್ತವೆ. ಅವು ಕಾನ್‌ಸ್ಟಾನ್ಸ್ ಊರಿನ ಹಳೆ ಸೇತುವೆಯಿಂದ ಎಣಿಸಿದ ಕಿಲೋಮೀಟರು. 546 ಬಂದರೆ ಕೌಬ್ ಕೋಟೆ, 555ರ ಹತ್ತಿರ ಲೊರೆಲೈ. ಕೋಟೆಗಳ ಪಟ್ಟಿ ಕೈಯಲ್ಲಿದ್ದರೆ ಯಾವುದು ಯಾವ ಕೋಟೆ ಅಂತ ಯಾರನ್ನೂ ಕೇಳಬೇಕಿಲ್ಲ. (ಡ್ಯಾನ್ಯೂಬಿನಲ್ಲಿ ಇದು ತಿರುಗುಮುರುಗು. ಅಲ್ಲಿ ಸಮುದ್ರ ಸೇರುವ ಕಡೆಯಿಂದ ಎಣಿಕೆ.)

ಹಾಗಾಗಿ ರೈನ್ ಪ್ರವಾಸ ಆರಿಸುವಾಗ ಏಜೆಂಟರನ್ನು ಕೇಳಬೇಕಾದ ಪ್ರಶ್ನೆ ಇದು: ಈ ಕಣಿವೆಯನ್ನು ಹಡಗು ಎಷ್ಟು ಗಂಟೆಗೆ ದಾಟುತ್ತದೆ? ಒಳ್ಳೆಯ ಕಂಪನಿಗಳು ಬೆಳಗ್ಗೆ ಅಥವಾ ಮಧ್ಯಾಹ್ನ ದಾಟುವಂತೆ ವೇಳೆ ಹೊಂದಿಸಿರುತ್ತವೆ. ಚಳಿಗಾಲದ ಪ್ರವಾಸಗಳಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುವುದರಿಂದ ಇದನ್ನು ವಿಚಾರಿಸಲೇಬೇಕು. ಇನ್ನೊಂದು ವಿಷಯ ದಿಕ್ಕು. ಬಾಸೆಲ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗುವುದು ಹರಿವಿನ ಜೊತೆಗೆ, ಕಣಿವೆ ಬೇಗ ಮುಗಿದುಹೋಗುತ್ತದೆ. ಆಮ್‌ಸ್ಟರ್‌ಡ್ಯಾಮ್‌ನಿಂದ ಬಾಸೆಲ್‌ಗೆ ಬಂದರೆ ಹರಿವಿಗೆ ಎದುರು, ಹಡಗು ನಿಧಾನ, ಅದೇ ಕಣಿವೆ ನಿಮ್ಮ ಕಣ್ಣ ಮುಂದೆ ಜಾಸ್ತಿ ಹೊತ್ತು ಇರುತ್ತದೆ. ದರ ಒಂದೇ ಇದ್ದರೆ ನಾನು ಎದುರು ದಿಕ್ಕನ್ನೇ ಆರಿಸಿಕೊಳ್ಳುತ್ತೇನೆ.

ಕಲೋನ್‌ನಿಂದ ಉತ್ತರಕ್ಕೆ ನೆಲ ಚಪ್ಪಟೆ. ಕಾರ್ಖಾನೆ, ಕಲ್ಲಿದ್ದಲು ದೋಣಿ, ಬಂದರು. ಅದನ್ನು ರಾತ್ರಿ ದಾಟಿದರೆ ನಷ್ಟವೇನೂ ಇಲ್ಲ.

ಡ್ಯಾನ್ಯೂಬ್: ಮೊದಲ ಸಲ ಹೋಗುವವರಿಗೆ

ಡ್ಯಾನ್ಯೂಬ್ ಜರ್ಮನಿಯ ಬ್ಲ್ಯಾಕ್ ಫಾರೆಸ್ಟಿನಲ್ಲಿ ಹುಟ್ಟಿ, ಸುಮಾರು 2,850 ಕಿಲೋಮೀಟರ್ ಹರಿದು, ಕಪ್ಪು ಸಮುದ್ರ ಸೇರುತ್ತದೆ. ಹತ್ತು ದೇಶಗಳನ್ನು ಮುಟ್ಟುತ್ತದೆ. ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್, ಬೆಲ್‌ಗ್ರೇಡ್ ಎಂಬ ನಾಲ್ಕು ರಾಜಧಾನಿಗಳು ಇದರ ದಡದಲ್ಲಿವೆ. ಮೊದಲ ಸಲ ರಿವರ್ ಕ್ರೂಸ್ ಹೋಗುವವರಿಗೆ ಜರ್ಮನಿಯ ಪಾಸಾವ್‌ನಿಂದ ಬುಡಾಪೆಸ್ಟ್‌ವರೆಗಿನ ಏಳು ರಾತ್ರಿಯ ದಾರಿಯನ್ನೇ ನಾನು ಹೇಳುತ್ತೇನೆ. ಊರುಗಳೂ ಚೆನ್ನ, ನದಿಯೂ ಚೆನ್ನ.

ಇಲ್ಲಿಯೂ ಒಂದು ಹೃದಯಭಾಗವಿದೆ. ಆಸ್ಟ್ರಿಯಾದ ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖಾವ್ ಕಣಿವೆ, ಸುಮಾರು 36 ಕಿಲೋಮೀಟರ್. ಮೆಲ್ಕ್‌ನ ಹಳದಿ ಮಠ ಗುಡ್ಡದ ಮೇಲಿಂದ ನದಿಯನ್ನು ನೋಡುತ್ತಾ ನಿಂತಿದೆ. ದಡದ ಉದ್ದಕ್ಕೂ ದ್ರಾಕ್ಷಿ ಮತ್ತು ಏಪ್ರಿಕಾಟ್ ತೋಟ. ಡ್ಯೂರ್ನ್‌ಸ್ಟೈನ್ ಎಂಬ ಪುಟ್ಟ ಊರಿನ ಮೇಲಿನ ಪಾಳುಕೋಟೆಯಲ್ಲಿ 1192ರ ಚಳಿಗಾಲದಲ್ಲಿ ಇಂಗ್ಲೆಂಡಿನ ರಾಜ ಒಂದನೇ ರಿಚರ್ಡ್‌ನನ್ನು ಸೆರೆಯಲ್ಲಿಟ್ಟಿದ್ದರು. ವಿಯೆನ್ನಾ ದಾಟಿದ ಮೇಲೆ ನೆಲ ಬಯಲಾಗುತ್ತದೆ, ಹಡಗು ರಾತ್ರಿ ಓಡುತ್ತದೆ. ಬುಡಾಪೆಸ್ಟ್ ಮಾತ್ರ ಬೇರೆಯೇ. ದೀಪ ಹಚ್ಚಿದ ಪಾರ್ಲಿಮೆಂಟಿನ ಮುಂದೆ ಹಡಗು ಹಾದುಹೋಗುವಾಗ ಡೆಕ್ ಮೇಲೆ ಇರಬೇಕು. ಹಡಗು ಆ ಊರಿಗೆ ಕತ್ತಲಾದ ಮೇಲೆ ಬರುತ್ತದೆಯೇ, ಇಲ್ಲ ದೀಪ ನೋಡಲು ಸಂಜೆ ಒಂದು ಸುತ್ತು ಹಾಕಿಸುತ್ತಾರೆಯೇ ಅಂತ ವಿಚಾರಿಸಿ.

ನಕ್ಷೆ ಮುಂದಿಟ್ಟುಕೊಂಡು ಓದಬೇಕಾದ ಒಂದು ಮಾತು ಇಲ್ಲಿದೆ. ‘ಪ್ರಾಗ್‌ನಿಂದ ಬುಡಾಪೆಸ್ಟ್’ ಎಂಬ ಹೆಸರಿನ ಪ್ಯಾಕೇಜುಗಳು ಬಹಳ. ಪ್ರಾಗ್ ಡ್ಯಾನ್ಯೂಬ್ ದಡದಲ್ಲಿಲ್ಲ. ಎರಡು ರಾತ್ರಿ ಪ್ರಾಗ್‌ನ ಹೋಟೆಲಿನಲ್ಲಿ, ಆಮೇಲೆ ಜರ್ಮನಿಯ ಯಾವುದೋ ಬಂದರಿಗೆ ಬಸ್ಸು, ಅಲ್ಲಿಂದ ಹಡಗು. ಹಾಗೆಯೇ ಸಾಲ್ಜ್‌ಬರ್ಗ್ ಬೇರೆ ನದಿಯ ದಡದಲ್ಲಿದೆ. ಲಿಂಜ್‌ನಿಂದಲೋ ಪಾಸಾವ್‌ನಿಂದಲೋ ಬಸ್ಸಿನಲ್ಲಿ ಹೋಗಿಬರಬೇಕು, ಇಡೀ ದಿನ ಹಿಡಿಯುತ್ತದೆ. ಹೈಡಲ್‌ಬರ್ಗ್ ಕೂಡ ರೈನ್ ದಡದಲ್ಲಿಲ್ಲ. ಪ್ಯಾರಿಸ್‌ನಿಂದ ಹೊರಡುವ ಕ್ರೂಸಿನಲ್ಲಿ ನಾರ್ಮಂಡಿಯ ಯುದ್ಧದ ಸಮುದ್ರತೀರ ನೋಡಲು ರೂಆನ್‌ನಿಂದ ಹೋಗಿಬರುವ ಬಸ್ ಪ್ರಯಾಣವೇ ನಾಲ್ಕು ಗಂಟೆಯ ಹತ್ತಿರ. ಇವೆಲ್ಲ ನೋಡುವ ಜಾಗಗಳೇ, ಬೇಡ ಅನ್ನುತ್ತಿಲ್ಲ. ಮಂಡಿನೋವು ಇರುವ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ದಿನದ ಪಟ್ಟಿಯಲ್ಲಿ ಬಸ್ಸಿನ ಗಂಟೆ ಎಷ್ಟು ಅಂತ ಕೂಡಿಸಿ ನೋಡಿದರೆ ಒಳ್ಳೆಯದು.

ಬುಡಾಪೆಸ್ಟ್‌ನಿಂದ ಕೆಳಗಿನ ಡ್ಯಾನ್ಯೂಬ್ ಇನ್ನೊಂದೇ ಲೋಕ. ಬೆಲ್‌ಗ್ರೇಡ್ ದಾಟಿ ಸೆರ್ಬಿಯಾ–ರೊಮೇನಿಯಾ ಗಡಿಯಲ್ಲಿ ‘ಐರನ್ ಗೇಟ್ಸ್’ ಕಣಿವೆ. ಗೋಡೆಯಂತಹ ಬೆಟ್ಟಗಳ ನಡುವೆ ನದಿ ನುಗ್ಗುತ್ತದೆ. 1972ರಲ್ಲಿ ಅಲ್ಲಿ ದೊಡ್ಡ ಅಣೆಕಟ್ಟು ಮುಗಿಯಿತು. ಪ್ರವಾಸಿಗರ ನೂಕುನುಗ್ಗಲು ಕಡಿಮೆ. ವಿಯೆನ್ನಾ, ಬುಡಾಪೆಸ್ಟ್ ಈಗಾಗಲೇ ನೋಡಿದವರು ಇದನ್ನು ಆರಿಸಿಕೊಳ್ಳಲಿ.

ಆಮ್‌ಸ್ಟರ್‌ಡ್ಯಾಮ್‌ನಿಂದ ಬುಡಾಪೆಸ್ಟ್‌ವರೆಗೆ ಎರಡು ವಾರದ ದೊಡ್ಡ ಪ್ರವಾಸವೂ ಇದೆ. ರೈನ್, ಮೈನ್, ಡ್ಯಾನ್ಯೂಬ್ ಮೂರನ್ನೂ ಕೂಡಿಸುವುದು 171 ಕಿಲೋಮೀಟರಿನ ಮೈನ್–ಡ್ಯಾನ್ಯೂಬ್ ಕಾಲುವೆ. ಚಕ್ರವರ್ತಿ ಶಾರ್ಲ್‌ಮೇನ್ 793ರಲ್ಲೇ ಇಂಥ ಕಾಲುವೆ ತೋಡಿಸಲು ಹೊರಟಿದ್ದ. ಈಗಿನದು ಮುಗಿದದ್ದು 1992ರಲ್ಲಿ. ಹಡಗು ಇಲ್ಲಿ ಸಮುದ್ರ ಮಟ್ಟದಿಂದ 406 ಮೀಟರ್ ಎತ್ತರಕ್ಕೆ ಹತ್ತಿ, ಆಚೆ ಇಳಿಯುತ್ತದೆ. ಇಡೀ ಪ್ರವಾಸದಲ್ಲಿ ಅರವತ್ತಕ್ಕೂ ಹೆಚ್ಚು ಲಾಕ್. ಆದರೆ ಮೈನ್ ಮತ್ತು ಕಾಲುವೆಯ ಸೇತುವೆಗಳು ತಗ್ಗು. ಅಲ್ಲಿ ಸನ್ ಡೆಕ್ಕಿನ ಕುರ್ಚಿ, ನೆರಳು, ಕಂಬಿ ಎಲ್ಲ ಮಡಚಿಟ್ಟು ಡೆಕ್ಕನ್ನೇ ಮುಚ್ಚುತ್ತಾರೆ. ಕ್ಯಾಪ್ಟನ್ ಕೂರುವ ಕೋಣೆ ಕೂಡ ಕೆಳಗಿಳಿಯುತ್ತದೆ. ಲಾಕ್, ಸೇತುವೆ, ಯಂತ್ರ ಅಂದರೆ ಇಷ್ಟಪಡುವವರಿಗೆ ಇದು ಹಬ್ಬ. ಉಳಿದವರಿಗೆ ಎರಡು ವಾರ ಸ್ವಲ್ಪ ಜಾಸ್ತಿಯೇ.

ಉಳಿದ ನದಿಗಳು

ಪೋರ್ಚುಗಲ್ಲಿನ ಡೌರೊ ನನಗೆ ಬಹಳ ಇಷ್ಟವಾದ ದಾರಿ. ಅಲ್ಲಿ ಕ್ರೂಸ್ ಹಡಗುಗಳು ರಾತ್ರಿ ಓಡುವಂತಿಲ್ಲ. ಸಾಗುವುದೆಲ್ಲ ಹಗಲಲ್ಲೇ, ಹಾಗಾಗಿ ನದಿ ಪೂರ್ತಿ ಕಾಣುತ್ತದೆ. ಪೋರ್ಟೊದಿಂದ ಸ್ಪೇನ್ ಗಡಿಯವರೆಗೆ ಐದು ಲಾಕ್. ಅದರಲ್ಲಿ ಕಾರಪಟೇಲೊ ಒಂದೇ ಸಲಕ್ಕೆ ಸುಮಾರು 35 ಮೀಟರ್ ಎತ್ತುತ್ತದೆ. ಕಲ್ಲುಗುಡ್ಡ ಕಡಿದು ಮಾಡಿದ ಮೆಟ್ಟಿಲು ತೋಟಗಳಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. 2001ರಿಂದ ಅದೂ ಯುನೆಸ್ಕೊ ಪಟ್ಟಿಯಲ್ಲಿದೆ. ಹಡಗು ಚಿಕ್ಕದು, ಸುಮಾರು 80 ಮೀಟರ್. ಜುಲೈ, ಆಗಸ್ಟಿನಲ್ಲಿ ಕಣಿವೆಯ ಒಳಗೆ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುವುದುಂಟು. ನಮ್ಮ ರಾಯಚೂರಿನವರಿಗೂ ಅದು ರಜೆಯ ಬಿಸಿಲಲ್ಲ. ಮೇ ತಿಂಗಳೋ, ದ್ರಾಕ್ಷಿ ಕೊಯ್ಲಿನ ಸೆಪ್ಟೆಂಬರೋ ಸರಿ.

ಫ್ರಾನ್ಸಿನ ರೋನ್ ದಾರಿಯಲ್ಲಿ ಲಿಯಾನ್, ಅವಿನ್ಯಾನ್, ಆರ್ಲ್ ಸಿಗುತ್ತವೆ. ರೋಮನ್ನರ ಕಾಲದ ಕಟ್ಟಡ, ಊಟ ತಿಂಡಿಯ ಹೆಸರಿರುವ ಊರುಗಳು. ಲ್ಯಾವೆಂಡರ್ ಹೂ ನೋಡಬೇಕೆಂದರೆ ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ. ಉತ್ತರದಿಂದ ಬೀಸುವ ಮಿಸ್ತ್ರಾಲ್ ಗಾಳಿ ಚಳಿಗಾಲ ಮತ್ತು ವಸಂತದಲ್ಲಿ ಡೆಕ್ ಮೇಲೆ ಕೂರಲು ಬಿಡುವುದಿಲ್ಲ. ಸೆನ್ ನದಿಯ ಪ್ರವಾಸದಲ್ಲಿ ಚಿತ್ರಕಾರ ಮೊನೆಯ ಜಿವರ್ನಿ ತೋಟವಿದೆ. ಅದು ತೆರೆದಿರುವುದು ಏಪ್ರಿಲ್‌ನಿಂದ ಅಕ್ಟೋಬರ್ ಕೊನೆಯ ಆಸುಪಾಸಿನವರೆಗೆ ಮಾತ್ರ. ಮೊಸೆಲ್ ಪುಟ್ಟ ನದಿ, ಹಾವಿನಂತೆ ಸುತ್ತುತ್ತದೆ, ಒಂದೊಂದು ತಿರುವೂ ಚಂದ. ರೈನ್ ಪ್ರವಾಸದ ಜೊತೆ ಮೊಸೆಲ್ ಸೇರಿಸಿದ ಪ್ಯಾಕೇಜು ಸಿಕ್ಕರೆ ಬಿಡಬೇಡಿ. ಎಲ್ಬೆ ಸುಂದರ, ಆದರೆ ನೀರನ್ನು ನಂಬುವಂತಿಲ್ಲ.

ನೀರು ಇಳಿದರೆ, ನೀರು ಏರಿದರೆ

ಬ್ರೋಷರಿನಲ್ಲಿ ಈ ವಿಷಯ ಅತಿ ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಆರಿಸುವವರಿಗೆ ಇದು ಅತಿ ಮುಖ್ಯ.

ಅಣೆಕಟ್ಟು ಮತ್ತು ಲಾಕ್ ಸಾಲಾಗಿ ಇರುವ ನದಿಯಲ್ಲಿ ಬೇಸಿಗೆಯಲ್ಲೂ ಹಡಗಿಗೆ ಬೇಕಾದಷ್ಟು ಆಳ ಇರುತ್ತದೆ. ನೀರನ್ನು ಹಿಡಿದಿಟ್ಟಿರುತ್ತಾರೆ. ಮೈನ್, ಮೊಸೆಲ್, ರೋನ್, ಡೌರೊ ಇಂಥವು. ಅಣೆಕಟ್ಟಿಲ್ಲದೆ ತನ್ನಷ್ಟಕ್ಕೆ ಹರಿಯುವ ಭಾಗಗಳಲ್ಲಿ ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ರೈನ್ ನದಿಯಲ್ಲಿ ಇಫೆಟ್ಸ್‌ಹೈಮ್ ಎಂಬಲ್ಲಿ ಕೊನೆಯ ಲಾಕ್. ಅಲ್ಲಿಂದ ಕೆಳಗೆ ಜರ್ಮನಿಯಲ್ಲಿ ಒಂದೂ ಅಣೆಕಟ್ಟಿಲ್ಲ. ಆ ಚಂದದ ಕಣಿವೆ ಈ ಭಾಗದಲ್ಲೇ ಬರುತ್ತದೆ. ಡ್ಯಾನ್ಯೂಬಿನಲ್ಲಿ ಜರ್ಮನಿಯ ಸ್ಟ್ರಾಬಿಂಗ್‌ನಿಂದ ವಿಲ್ಸ್‌ಹೋಫೆನ್‌ವರೆಗೆ ಸುಮಾರು 70 ಕಿಲೋಮೀಟರ್ ಹೀಗೇ. ಎಲ್ಬೆಯೂ ಜರ್ಮನಿಯಲ್ಲಿ ಬಹುತೇಕ ಹೀಗೇ. ಕ್ರೂಸ್ ಹಡಗು ನೀರಿನೊಳಗೆ ಒಂದೂವರೆ ಮೀಟರಿನ ಸುಮಾರು ಮುಳುಗಿರುತ್ತದೆ. ಅಷ್ಟು ಆಳ ಸಿಗದಿದ್ದರೆ ಮುಂದೆ ಹೋಗುವಂತಿಲ್ಲ.

ಕೌಬ್ ಊರಿನಲ್ಲಿ ನೀರಿನ ಮಟ್ಟ ಅಳೆಯುವ ಕೇಂದ್ರವಿದೆ. ರೈನ್ ಹಡಗಿನವರೆಲ್ಲ ಬೆಳಗ್ಗೆ ಎದ್ದು ಮೊದಲು ನೋಡುವುದು ಆ ಅಂಕಿಯನ್ನೇ. 2018ರ ಅಕ್ಟೋಬರಿನಲ್ಲಿ ಅದು 25 ಸೆಂಟಿಮೀಟರಿಗೆ ಇಳಿದಿತ್ತು. ಅಂದರೆ ನದಿಯ ಆಳವೇ ಅಷ್ಟು ಅಂತಲ್ಲ. ಹಡಗಿನ ದಾರಿಯಲ್ಲಿ ಅದಕ್ಕಿಂತ ಒಂದು ಮೀಟರಿಗೂ ಜಾಸ್ತಿ ಇರುತ್ತದೆ. ಆದರೂ ಸಾಕಾಗುವುದಿಲ್ಲ. 2022ರ ಆಗಸ್ಟಿನಲ್ಲಿ ಮತ್ತೆ ಹೀಗೇ ಆಯಿತು. ಜರ್ಮನಿಯ ಜಲಮಾರ್ಗ ಇಲಾಖೆಯ ‘ಎಲ್ವಿಸ್’ ತಾಣದಲ್ಲಿ ಈ ಮಟ್ಟವನ್ನು ದಿನವೂ ನೋಡಬಹುದು. ಹೊರಡುವ ಎರಡು ವಾರದ ಮುಂಚಿನಿಂದ ಗಮನಿಸುತ್ತಿದ್ದರೆ ಮುಂದೇನು ಅನ್ನುವ ಅಂದಾಜು ಸಿಗುತ್ತದೆ.

ನೀರು ಜಾಸ್ತಿಯಾದರೂ ತೊಂದರೆ. ಹಡಗು ಸೇತುವೆಯ ಕೆಳಗೆ ನುಗ್ಗುವುದಿಲ್ಲ, ಲಾಕ್ ಮುಚ್ಚುತ್ತಾರೆ. ಪಾಸಾವ್‌ನಲ್ಲಿ ಡ್ಯಾನ್ಯೂಬ್, ಇನ್, ಇಲ್ಜ್ ಮೂರು ನದಿ ಸೇರುತ್ತವೆ. ಅಲ್ಲಿ 2013ರ ಜೂನಿನಲ್ಲಿ ನೀರು 12.89 ಮೀಟರಿಗೆ ಏರಿತು, 1501ರ ನಂತರದ ಅತಿ ದೊಡ್ಡ ಪ್ರವಾಹ. ಹಳೆ ಪುರಭವನದ ಗೋಡೆಯ ಮೇಲೆ ಪ್ರವಾಹದ ವರ್ಷಗಳನ್ನು ಗೆರೆ ಹಾಕಿ ಬರೆದಿದ್ದಾರೆ. ಇಳಿದವರು ತಲೆಯೆತ್ತಿ ಆ ಗೋಡೆ ನೋಡಬೇಕು. 2024ರ ಸೆಪ್ಟೆಂಬರಿನ ಮಳೆಗೂ ಆಸ್ಟ್ರಿಯಾದಲ್ಲಿ ಕ್ರೂಸ್ ಹಡಗುಗಳು ನಿಂತುಬಿಟ್ಟವು.

ಹೀಗಾದಾಗ ಕಂಪನಿಗಳು ಮಾಡುವುದೇನು? ದೊಡ್ಡ ಕಂಪನಿಗಳ ಒಂದೇ ಮಾದರಿಯ ಎರಡು ಹಡಗು ಎದುರುಬದುರು ದಿಕ್ಕಿನಲ್ಲಿ ಬರುತ್ತಿರುತ್ತವೆ. ಆಳವಿಲ್ಲದ ಜಾಗದ ಆಚೀಚೆ ಅವುಗಳನ್ನು ನಿಲ್ಲಿಸಿ, ಪ್ರಯಾಣಿಕರನ್ನು ಬಸ್ಸಿನಲ್ಲಿ ಅದಲುಬದಲು ಮಾಡುತ್ತಾರೆ. ಆಚೆ ಹಡಗಿನಲ್ಲಿ ಅದೇ ನಂಬರಿನ ಕ್ಯಾಬಿನ್ ಕೊಡುತ್ತಾರೆ. ನಿಮ್ಮ ಸಾಮಾನು ನಿಮಗಿಂತ ಮೊದಲೇ ಅಲ್ಲಿರುತ್ತದೆ. ಒಂದೇ ಹಡಗು ಇರುವ ಸಣ್ಣ ಕಂಪನಿಗೆ ಇದು ಸಾಧ್ಯವಿಲ್ಲ. ಬಸ್ಸು, ಹೋಟೆಲಿನಲ್ಲೇ ಪ್ರವಾಸ ಮುಗಿಸಬೇಕಾಗಬಹುದು. ಕಂಪನಿ ದೊಡ್ಡದಿದ್ದರೆ ಆಗುವ ನಿಜವಾದ ಲಾಭ ಇದು. ಬುಕಿಂಗ್ ಮಾಡುವ ಮುಂಚೆ, ನೀರಿನಿಂದ ಪ್ರವಾಸ ಬದಲಾದರೆ ಹಣ ಎಷ್ಟು ವಾಪಸ್ ಕೊಡುತ್ತೀರಿ ಅಂತ ಬರವಣಿಗೆಯಲ್ಲಿ ಕೇಳಿ. ಎಷ್ಟೋ ಕಡೆ ಉತ್ತರ ‘ಏನೂ ಇಲ್ಲ’ ಅಂತಲೇ ಇರುತ್ತದೆ. ಮೊದಲೇ ಗೊತ್ತಿರುವುದು ಒಳ್ಳೆಯದು.

ನೀರು ಕಡಿಮೆಯಾಗುವ ಸಾಧ್ಯತೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಜಾಸ್ತಿ. ಹಿಮ ಕರಗಿ ನೀರು ಏರುವುದು ವಸಂತದಲ್ಲಿ. ನನ್ನ ಲೆಕ್ಕದಲ್ಲಿ ರೈನ್, ಡ್ಯಾನ್ಯೂಬ್‌ಗೆ ಮೇ ಮಧ್ಯದಿಂದ ಜೂನ್ ಕೊನೆಯವರೆಗೆ ಒಳ್ಳೆಯ ಕಾಲ. ಹಗಲು ಉದ್ದ, ರಾತ್ರಿ ಒಂಬತ್ತರವರೆಗೂ ಬೆಳಕು. ಹಾಲೆಂಡಿನ ಟ್ಯುಲಿಪ್ ಬೇಕೆಂದರೆ ಏಪ್ರಿಲ್. ಕ್ಯೂಕೆನ್‌ಹಾಫ್ ತೋಟ ಮಾರ್ಚ್ ಮಧ್ಯದ ಸುಮಾರಿಗೆ ತೆರೆದು ಮೇ ಮಧ್ಯಕ್ಕೆ ಮುಚ್ಚುತ್ತದೆ. ಕ್ರಿಸ್‌ಮಸ್ ಸಂತೆಗಳಿಗೆ ನವೆಂಬರ್ ಕೊನೆಯಿಂದ ಡಿಸೆಂಬರ್ 23ರ ತನಕ. ಆಗ ಕೋಟೆ, ಕಣಿವೆಗಳನ್ನು ಮರೆತು ಊರುಗಳಿಗಾಗಿಯೇ ಹೋಗಬೇಕು, ಚಳಿಗೆ ತಯಾರಾಗಿ.

ಕ್ಯಾಬಿನ್ ಮತ್ತು ಹಣ

ಕೆಳ ಅಂತಸ್ತಿನ ಕ್ಯಾಬಿನ್ ಅಗ್ಗ. ಕಿಟಕಿ ಸೂರಿನ ಹತ್ತಿರ, ತೆರೆಯುವುದಿಲ್ಲ, ನೀರು ಕಣ್ಣಿನ ಮಟ್ಟದಲ್ಲಿ. ನಡು ಮತ್ತು ಮೇಲಿನ ಅಂತಸ್ತುಗಳಲ್ಲಿ ‘ಫ್ರೆಂಚ್ ಬಾಲ್ಕನಿ’ ಇರುತ್ತದೆ. ಅಂದರೆ ಗೋಡೆಯಷ್ಟು ದೊಡ್ಡ ಗಾಜಿನ ಬಾಗಿಲು ಸರಿಯುತ್ತದೆ, ಆಚೆ ಒಂದು ಕಂಬಿ. ಹೊರಗೆ ನಿಲ್ಲಲು ಜಾಗವಿಲ್ಲ. ಇದಕ್ಕೆ ಜಾಸ್ತಿ ಹಣ ಕೊಡಬೇಕೇ? ಒಂದು ಮಾತು ತಿಳಿದಿರಲಿ. ದೊಡ್ಡ ಊರುಗಳಲ್ಲಿ ಕಟ್ಟೆ ಸಾಲದೆ ಹಡಗುಗಳನ್ನು ಪಕ್ಕಪಕ್ಕ ಎರಡು ಮೂರು ಕಟ್ಟುತ್ತಾರೆ. ಬೆಳಗ್ಗೆ ಪರದೆ ಸರಿಸಿದರೆ ಎರಡಡಿ ಆಚೆ ಇನ್ನೊಂದು ಹಡಗಿನವರು ಹಲ್ಲುಜ್ಜುತ್ತಿರುತ್ತಾರೆ. ದಡಕ್ಕೆ ಹೋಗಲು ಆ ಹಡಗಿನ ಒಳಗಿಂದಲೇ ಹಾದುಹೋಗಬೇಕು. ನದಿ ನೋಡುವುದಕ್ಕೆ ಸನ್ ಡೆಕ್ಕಿಗಿಂತ ಒಳ್ಳೆಯ ಜಾಗ ಇಲ್ಲ, ಎರಡು ದಡವೂ ಕಾಣುತ್ತವೆ. ಹಾಗಾಗಿ ಹಣ ಹಿಡಿತದಲ್ಲಿದ್ದರೆ ಕೆಳ ಕ್ಯಾಬಿನ್ ತೆಗೆದುಕೊಂಡು ಉಳಿದದ್ದರಲ್ಲಿ ವಿಯೆನ್ನಾದಲ್ಲೋ ಬುಡಾಪೆಸ್ಟ್‌ನಲ್ಲೋ ಎರಡು ದಿನ ಜಾಸ್ತಿ ಇರಿ. ಹಿಂಭಾಗದ ಕ್ಯಾಬಿನ್ನುಗಳಲ್ಲಿ ಎಂಜಿನ್ ಸದ್ದು ಕೇಳುತ್ತದೆ. ವಯಸ್ಸಾದವರ ವಿಷಯ ಬೇರೆ. ಹೆಚ್ಚಿನ ಹಡಗುಗಳಲ್ಲಿ ಲಿಫ್ಟ್ ಕೆಳ ಅಂತಸ್ತಿಗೂ ಸನ್ ಡೆಕ್ಕಿಗೂ ಹೋಗುವುದಿಲ್ಲ. ಅವರಿಗೆ ನಡು ಅಂತಸ್ತು ಸರಿ.

ಏಳು ರಾತ್ರಿಗೆ ಇಬ್ಬರು ಹಂಚಿಕೊಂಡ ಕ್ಯಾಬಿನ್ನಿನಲ್ಲಿ ಒಬ್ಬರಿಗೆ ಸುಮಾರು 1,500 ಯೂರೋದಿಂದ ಶುರುವಾಗಿ 4,000 ದಾಟಿಯೂ ಹೋಗುತ್ತದೆ. ವಿಮಾನದ ಟಿಕೆಟ್ ಬೇರೆ. ಒಬ್ಬರೇ ಹೋಗುವವರಿಗೆ ಜಾಸ್ತಿ ದರ ಹಾಕುತ್ತಾರೆ. ಈ ಅಂತರಕ್ಕೆ ದೊಡ್ಡ ಕಾರಣ ಒಳಗೆ ಏನೇನು ಸೇರಿದೆ ಅನ್ನುವುದು. ಕೆಲವು ಕಂಪನಿಗಳಲ್ಲಿ ಊಟ, ಊರು ಸುತ್ತಿಸುವುದು, ಟಿಪ್ಸ್, ದಿನವಿಡೀ ವೈನು ಬಿಯರು ಎಲ್ಲ ಸೇರಿರುತ್ತದೆ. ಕುಡಿಯದವರು ಅಂಥ ಪ್ಯಾಕೇಜ್ ತೆಗೆದುಕೊಂಡರೆ ಸುಮ್ನೆ ಹಣ ಕೊಟ್ಟಂತೆ. ಫ್ರಾನ್ಸಿನ ಕ್ರೂಸಿಯುರೋಪ್, ಜರ್ಮನಿಯ ಎ-ರೋಸಾ ಇಂಥ ಕಂಪನಿಗಳ ದರ ಹೋಲಿಸಿ ನೋಡಿ. ಅಲ್ಲಿ ಭಾಷೆ ಇಂಗ್ಲಿಷ್ ಒಂದೇ ಆಗಿರುವುದಿಲ್ಲ ಅನ್ನುವುದು ಗಮನದಲ್ಲಿರಲಿ. ಟಿಪ್ಸ್ ಸೇರಿಲ್ಲದ ಕಡೆ ದಿನಕ್ಕೆ ಒಬ್ಬರಿಗೆ 10ರಿಂದ 15 ಯೂರೋ ಎಣಿಸಿಕೊಳ್ಳಿ. ಭಾರತದ ಏಜೆಂಟರ ಮೂಲಕ ಕಟ್ಟುವಾಗ ಟಿಸಿಎಸ್ (ಹಣ ಕಟ್ಟುವಾಗಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ. ಅದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ಚೀಟಿ ಜೋಪಾನ.

ಮಕ್ಕಳ ಜೊತೆ ಹೋಗುವವರು ವಯಸ್ಸಿನ ನಿಯಮ ನೋಡಿ. ವೈಕಿಂಗ್ ಕಂಪನಿಯ ಹಡಗಿನಲ್ಲಿ 18 ತುಂಬದವರಿಗೆ ಪ್ರವೇಶವೇ ಇಲ್ಲ. ಅಮಾವಾಟರ್‌ವೇಸ್ ಹಡಗುಗಳಲ್ಲಿ ಡಿಸ್ನಿಯವರು ಕುಟುಂಬಗಳಿಗೆಂದೇ ಕೆಲವು ಪ್ರವಾಸ ನಡೆಸುತ್ತಾರೆ.

ಸಸ್ಯಾಹಾರಿಗಳಿಗೆ ಪ್ರತಿ ಊಟಕ್ಕೂ ಒಂದಾದರೂ ಬಗೆ ಇರುತ್ತದೆ. ಆದರೆ ‘ವೆಜಿಟೇರಿಯನ್’ ಅಂದರೆ ಅಲ್ಲಿ ಮೊಟ್ಟೆ, ಚೀಸ್ ಧಾರಾಳ. ಸೂಪಿಗೆ ಮಾಂಸದ ರಸ ಹಾಕಿರುವುದೂ ಉಂಟು. ಮೊಟ್ಟೆ ಬೇಡ, ಈರುಳ್ಳಿ ಬೆಳ್ಳುಳ್ಳಿ ಬೇಡ ಅನ್ನುವವರು ಒಂದು ತಿಂಗಳ ಮುಂಚೆ ಈಮೇಲಿನಲ್ಲಿ ಒಂದೊಂದೂ ಬಿಡಿಸಿ ಬರೆದು, ಹಡಗು ಹತ್ತಿದ ದಿನವೇ ಅಡುಗೆಯವರನ್ನು ಕಂಡು ಮಾತಾಡಿ. 150 ಜನರ ಅಡುಗೆಮನೆ ಅದು, ಹೇಳಿದ್ದು ಕಿವಿಗೆ ಬೀಳುತ್ತದೆ. ಉಪ್ಪಿನಕಾಯಿ, ಚಟ್ನಿಪುಡಿ ಹೇಗೂ ಚೀಲದಲ್ಲಿ ಇದ್ದೇ ಇರುತ್ತದೆ.

ವೀಸಾ

ಷೆಂಗೆನ್ ಅನ್ನುವುದು ಲಕ್ಸೆಂಬರ್ಗಿನಲ್ಲಿ ಮೊಸೆಲ್ ನದಿಯ ದಡದ ಒಂದು ಹಳ್ಳಿ. 1985ರ ಜೂನ್ 14ರಂದು ಐದು ದೇಶದವರು ತಮ್ಮ ನಡುವಿನ ಗಡಿ ತಪಾಸಣೆ ಕೈಬಿಡುವ ಷೆಂಗೆನ್ ಒಪ್ಪಂದಕ್ಕೆ ಸಹಿ ಹಾಕಿದ್ದು ಅಲ್ಲಿ ನಿಂತಿದ್ದ ‘ಪ್ರಿನ್ಸೆಸ್ ಮರಿ-ಆಸ್ಟ್ರಿಡ್’ ಎಂಬ ನದಿ ಹಡಗಿನ ಮೇಲೆ. ರಿವರ್ ಕ್ರೂಸಿನಲ್ಲಿ ರಾತ್ರಿ ಮಲಗಿ ಬೆಳಗ್ಗೆ ಇನ್ನೊಂದು ದೇಶದಲ್ಲಿ ಏಳುವುದು ಆ ಸಹಿಯ ಫಲ.

ಯಾವ ದೇಶಕ್ಕೆ ವೀಸಾ ಅರ್ಜಿ ಹಾಕಬೇಕು ಅನ್ನುವುದು ಎಲ್ಲರಿಗೂ ಗೊಂದಲ. ಜಾಸ್ತಿ ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ. ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ಪಾಸಾವ್–ಬುಡಾಪೆಸ್ಟ್ ಪ್ರವಾಸದಲ್ಲಿ ಸಾಮಾನ್ಯವಾಗಿ ಅದು ಆಸ್ಟ್ರಿಯಾ. ಆದರೆ ಬುಡಾಪೆಸ್ಟ್‌ನಲ್ಲಿ ಮೂರು ದಿನ ಹೋಟೆಲ್ ಸೇರಿಸಿದರೆ ಲೆಕ್ಕ ಬದಲಾಗಬಹುದು. ಹಡಗು ಯಾವ ದಿನ ಯಾವ ಊರಲ್ಲಿ ಅಂತ ಕಂಪನಿಯಿಂದ ಪತ್ರ ತರಿಸಿಕೊಂಡು ಲಗತ್ತಿಸಿ. ಪ್ರವಾಸಕ್ಕೆ ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು. ಬೇಸಿಗೆ ಹತ್ತಿರ ಬಂದಂತೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ. ಶುಲ್ಕ 2024ರ ಜೂನ್‌ನಿಂದ 90 ಯೂರೋ. 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಪ್ರವಾಸ ರದ್ದಾದರೆ ಹಣ ಕೊಡುವ ವಿಮೆ ಬೇರೆ, ಅದನ್ನು ಪ್ರತ್ಯೇಕ ನೋಡಿ. ಕೆಳ ಡ್ಯಾನ್ಯೂಬ್‌ಗೆ ಹೋಗುವವರು ಮರೆಯದೆ ಮಲ್ಟಿಪಲ್ ಎಂಟ್ರಿ ವೀಸಾ ಕೇಳಬೇಕು. ಸೆರ್ಬಿಯಾ ಷೆಂಗೆನ್‌ನಲ್ಲಿಲ್ಲ. ಬಲ್ಗೇರಿಯಾ, ರೊಮೇನಿಯಾ 2025ರ ಜನವರಿ 1ರಿಂದ ಪೂರ್ತಿ ಸೇರಿವೆ. ಅಂದರೆ ಹಂಗೆರಿ ಅಥವಾ ಕ್ರೊಯೇಷಿಯಾದಿಂದ ಸೆರ್ಬಿಯಾಕ್ಕೆ ಹೋದಾಗ ಹೊರಗೆ ಹೋದಂತೆ, ಅಲ್ಲಿಂದ ಬಲ್ಗೇರಿಯಾಕ್ಕೆ ಬಂದಾಗ ಮತ್ತೆ ಒಳಗೆ ಬಂದಂತೆ. ಸಿಂಗಲ್ ಎಂಟ್ರಿ ಇದ್ದರೆ ಅಲ್ಲೇ ತಡೆಯುತ್ತಾರೆ.

ಒಂದು ದಿನದ ದೋಣಿ

ವಾರವಿಡೀ ಹಡಗಿನಲ್ಲಿ ಇರುವುದು ನಮಗೆ ಹಿಡಿಸುತ್ತದೋ ಇಲ್ಲವೋ ಅನ್ನುವ ಅನುಮಾನ ಇದ್ದರೆ, ಅಥವಾ ಅಷ್ಟು ಹಣ ಹಾಕಲು ಮನಸ್ಸಿಲ್ಲದಿದ್ದರೆ, ಈ ನದಿಗಳ ಅತಿ ಚಂದದ ಭಾಗಗಳನ್ನು ಒಂದೇ ದಿನದ ಟಿಕೆಟ್ಟಿನಲ್ಲಿ ನೋಡಬಹುದು. ರೈನ್ ಕಣಿವೆಯಲ್ಲಿ 1826ರಿಂದ ಇರುವ ಕೆಡಿ ಕಂಪನಿಯ ದೋಣಿಗಳು ಬೇಸಿಗೆಯಲ್ಲಿ ರೂಡೆಸ್‌ಹೈಮ್ ಮತ್ತು ಕೊಬ್ಲೆಂಜ್ ನಡುವೆ ಓಡುತ್ತವೆ. ನಡುವಿನ ಊರುಗಳಲ್ಲಿ ಇಳಿದು ಹತ್ತಬಹುದು. ಎರಡೂ ದಡದಲ್ಲಿ ರೈಲು ಇದೆ. ಹೋಗುವಾಗ ದೋಣಿ, ಬರುವಾಗ ರೈಲು ಮಾಡಿಕೊಳ್ಳಿ. ವಾಖಾವ್‌ನಲ್ಲಿ ಡಿಡಿಎಸ್‌ಜಿ ದೋಣಿಗಳು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಇರುತ್ತವೆ. ಮೆಲ್ಕ್‌ನಿಂದ ಕ್ರೆಮ್ಸ್‌ಗೆ ಹರಿವಿನ ಜೊತೆ ಎರಡು ಗಂಟೆಯೊಳಗೆ, ಕ್ರೆಮ್ಸ್‌ನಿಂದ ಮೆಲ್ಕ್‌ಗೆ ಎದುರಾಗಿ ಮೂರು ಗಂಟೆಯ ಹತ್ತಿರ. ವಿಯೆನ್ನಾದ ಶ್ವೇಡನ್‌ಪ್ಲಾಟ್ಸ್‌ನಿಂದ ಬ್ರಾಟಿಸ್ಲಾವಾಕ್ಕೆ ಟ್ವಿನ್ ಸಿಟಿ ಲೈನರ್ ಎಂಬ ವೇಗದ ದೋಣಿ 75 ನಿಮಿಷದಲ್ಲಿ ಮುಟ್ಟಿಸುತ್ತದೆ. ಶನಿವಾರ ಭಾನುವಾರ ಸೀಟು ಬೇಗ ತುಂಬುತ್ತದೆ, ಟಿಕೆಟ್ಟನ್ನು ಮೊದಲೇ ಆನ್‌ಲೈನಿನಲ್ಲಿ ತೆಗೆದಿಡಿ.